ತೊಯ್ದ ಸೀರೆಯ ಹತ್ತು ದಿನ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಸುರಪುರದ ಕಡೆಯಿಂದ ಮಿಯಾಪುರಕ್ಕೆ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಗುಂಪಿನಲ್ಲಿ ಹದಿನೆಂಟು ಮಂದಿ ಇದ್ದೇವೆ. ಅವರಲ್ಲಿ ಹತ್ತನೆಯ ತರಗತಿ ಪಾಸಾದವಳು ನಾನೊಬ್ಬಳೇ. ಹಾಗಾಗಿ ದವಾಖಾನೆಯ ಚೀಟಿ ಓದುವುದು, ಆಧಾರ್ ಕಾರ್ಡಿನ ತಪ್ಪು ತಿದ್ದಿಸುವುದು, ಸೂಪರ್‌ವೈಸರ್ ಜೊತೆ ತೆಲುಗಿನಲ್ಲೂ ಹಿಂದಿಯಲ್ಲೂ ಜಗಳ ತೆಗೆಯುವುದು ಎಲ್ಲವೂ ನನ್ನ ತಲೆಗೇ. ಗಂಡ ಮೌನಪ್ಪ ಕಬ್ಬಿಣ ಕಟ್ಟುವವನು, ಮಾತಿನ ಗೊಡವೆಗೆ ಹೋಗುವವನಲ್ಲ. ಮನೆಯ ಮಾತನ್ನೆಲ್ಲ ಅವನು ನನಗೆ ಬಿಟ್ಟುಕೊಟ್ಟ, ನಾನೂ ಬೇಡವೆನ್ನಲಿಲ್ಲ.

ಎರಡು ವರ್ಷದ ಹಿಂದೆ ಮೈದುನ ಪರಮೇಶನ ಮದುವೆಯಾಗಿ ಸುವರ್ಣಾ ನಮ್ಮ ತಗಡಿನ ಶೆಡ್ಡಿಗೆ ಬಂದಳು. ಆಗ ಅವಳಿಗೆ ಹತ್ತೊಂಬತ್ತು. ಕೆಲಸಕ್ಕೆ ಇಳಿದ ಮೊದಲ ದಿನ ನಾನು ಅವಳಿಗೆ ಕಲಿಸಿದ್ದು ಇಟ್ಟಂಗಿ ಹೊರುವುದನ್ನಲ್ಲ, ನೀರು ಕುಡಿಯದಿರುವುದನ್ನು.

"ಮುಂಜಾನಿ ಚಾ ಕುಡಿಯೋದು. ಆಮ್ಯಾಲ ಸಂಜಿ ತನಕ ಬಾಯಿಗೆ ನೀರು ಹಾಕಬ್ಯಾಡ. ಭಾಳ ಒಣಗಿದ್ರ ಮುಕ್ಕಳಿಸಿ ಉಗುಳು" ಎಂದೆ.

"ಮಧ್ಯಾಹ್ನ ಉಣ್ಣೋ ಮುಂದ, ಅಕ್ಕಾ?"

"ಎರಡು ಗುಟುಕು. ಮೂರನೇದು ಕುಡದಿ ಅಂದ್ರ ನೀನ ಅನುಭವಸ್ತಿ."

ಇದನ್ನು ಓದುವವರಿಗೆ ನಾನು ರಾಕ್ಷಸಿಯಂತೆ ಕಾಣಬಹುದು. ಬಂದು ನೋಡಿ. ಮೂವತ್ತೆರಡು ಮಹಡಿ ಎದ್ದು ನಿಂತಿರುವ ಆ ಜಾಗದಲ್ಲಿ, ಪ್ರತಿ ಫ್ಲ್ಯಾಟಿಗೂ ಮೂರು ಮೂರು ಬಚ್ಚಲು ಕಟ್ಟುವ ನಮಗೆ ಇದ್ದದ್ದು ಕಾಂಕ್ರೀಟ್ ಕಲಸುವ ಯಂತ್ರದ ಹಿಂದಿನ ನಾಲ್ಕು ಪಾಯಿಖಾನೆ. ಅದರಲ್ಲಿ ಎರಡಕ್ಕೆ ಚಿಲಕವಿಲ್ಲ. ಹೊರಗೆ ಯಾವಾಗಲೂ ಗಂಡಸರ ಸಾಲು, ಬೀಡಿ, ನಗೆ. ಹಗಲು ಹೊತ್ತಿನಲ್ಲಿ ಅಲ್ಲಿಗೆ ಹೋದ ಹೆಂಗಸಿನ ಬಗ್ಗೆ ಸಂಜೆಯೊಳಗೆ ಒಂದು ಕತೆ ಹುಟ್ಟಿರುತ್ತಿತ್ತು. ಆದ್ದರಿಂದ ನಾವು ಹೆಂಗಸರು ಬೆಳಕು ಹರಿಯುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗುತ್ತಿದ್ದೆವು. ನಡುವಿನ ಹನ್ನೆರಡು ತಾಸು ತಡೆದುಕೊಳ್ಳುವುದು ನಮ್ಮ ಕೆಲಸದ ಒಂದು ಭಾಗ. ಅದರಲ್ಲಿ ನನ್ನನ್ನು ಮೀರಿಸುವವರು ಇಲ್ಲ ಎಂಬ ಹೆಮ್ಮೆಯೂ ನನಗಿತ್ತು. ಊರಿನಲ್ಲಿ ಅತ್ತೆಯ ಬಳಿ ಬೆಳೆಯುತ್ತಿರುವ ನನ್ನ ಎರಡು ಮಕ್ಕಳೂ ಹೊಟ್ಟೆಯಲ್ಲಿದ್ದಾಗ ನಾನು ಹೀಗೇ ದುಡಿದವಳು. ಅವರಿಗೇನೂ ಆಗಲಿಲ್ಲ.

ಸುವರ್ಣಾ ಬೇಗ ಕಲಿತಳು. ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳದ ಹುಡುಗಿ. ಅದಕ್ಕೇ ನನಗೆ ಅವಳನ್ನು ಕಂಡರೆ ಪ್ರೀತಿ, ಹೇಳಿದಂತೆ ಕೇಳುವವರನ್ನು ಪ್ರೀತಿಸುವುದು ಸುಲಭ.

ಅವಳು ಬಸಿರಾದಾಗ ನಾನೇ ಅಂಗನವಾಡಿಗೆ ಕರೆದುಕೊಂಡು ಹೋಗಿ ಹೆಸರು ಬರೆಸಿದೆ. ಏಳನೆಯ ತಿಂಗಳಲ್ಲಿ ಶೆಡ್ಡಿನ ಮುಂದೆಯೇ ಹಸಿರು ಬಳೆ ತೊಡಿಸಿ, ಕುಪ್ಪಸದ ಶಾಸ್ತ್ರ ಮಾಡಿದೆವು. ಎಂಟು ತುಂಬಿದ ಮೇಲೆ ತವರಿಗೆ ಕಳಿಸುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಅವಳಿಗೆ ತಲೆ ಹೊರೆ ಬೇಡವೆಂದು ಮೇಸ್ತ್ರಿ ಹಂಪಯ್ಯನ ಹತ್ತಿರ ಜಗಳವಾಡಿ ಹಗುರ ಕೆಲಸ ಕೊಡಿಸಿದವಳೂ ನಾನೇ. ಹೊಸದಾಗಿ ಹಾಕಿದ ಕಾಂಕ್ರೀಟು ಒಣಗಿ ಬಿರಿಯದಂತೆ ಪೈಪು ಹಿಡಿದು ದಿನವಿಡೀ ಗೋಡೆಗೂ ಕಂಬಕ್ಕೂ ನೀರು ಹೊಡೆಯುವ ಕೆಲಸ. ಆ ಕೆಲಸದವರು ಬೆಳಗಿನಿಂದ ಸಂಜೆಯವರೆಗೆ ಮೊಣಕಾಲ ತನಕ ತೊಯ್ದೇ ಇರುತ್ತಾರೆ. ಕೈಯಲ್ಲಿ ನೀರು ಹರಿಯುತ್ತಿದ್ದರೂ ಸುವರ್ಣಾ ನಾನು ಹೇಳಿದ ಎರಡು ಗುಟುಕು ದಾಟಲಿಲ್ಲ.

ಒಂದು ಗುರುವಾರ ಸಂಜೆ ಕೆಲಸ ಬಿಟ್ಟು ಬಂದವಳು ಸೀರೆ ಬದಲಿಸಿದಳು. ಸ್ವಲ್ಪ ಹೊತ್ತಿಗೆ ಆ ಒಣ ಸೀರೆಯೂ ಹಿಂದೆ ತೊಯ್ದಿತ್ತು. ರೊಟ್ಟಿ ತಟ್ಟುತ್ತಿದ್ದ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ಅಕ್ಕಾ, ನನಗ ತಿಳೀದಂಗ ಹೋಗಾಕತ್ತೈತಿ."

"ಏನು?"

"ಒಂದಕ್ಕ... ಇರಬೇಕು."

ನನಗೆ ನಗು ಬಂತು. ಕೂಸು ದೊಡ್ಡದಾದ ಹಾಗೆ ಕೆಳಗೆ ಒತ್ತುತ್ತದೆ, ಹಗಲೆಲ್ಲ ತಡೆದುಕೊಂಡವರಿಗೆ ಸಡಿಲವಾಗಿ ಹನಿಯುತ್ತದೆ. ನನಗೂ ಎರಡನೆಯ ಬಸಿರಿನಲ್ಲಿ ಕೆಮ್ಮಿದರೆ ಹನಿಯುತ್ತಿತ್ತು. ಅದನ್ನೇ ಹೇಳಿದೆ. ಹಳೆಯ ಸೀರೆ ಹರಿದು ನಾಲ್ಕು ಮಡಿಕೆ ಮಾಡಿ ಬಟ್ಟೆ ಕೊಟ್ಟೆ. "ಗಂಡಸರ ಮುಂದ ತೋರಿಸಿಕೋಬ್ಯಾಡ. ಇನ್ನೂ ಸ್ವಲ್ಪ ಕಡಿಮಿ ಕುಡಿ, ತಾನ ನಿಲ್ತೈತಿ" ಎಂದೆ.

ಮರುದಿನ ಮತ್ತೆ ಬಂದು, "ಅಕ್ಕಾ, ಇದು ಅದಲ್ಲ ಅನಸ್ತೈತಿ..." ಎಂದು ಶುರು ಮಾಡಿದಳು. ಸೂಪರ್‌ವೈಸರ್ ನಮ್ಮ ಗುಂಪಿನ ಒಬ್ಬಳ ಹಾಜರಿ ಹಾಕಿರಲಿಲ್ಲ, ನಾನು ಆ ಸಿಟ್ಟಿನಲ್ಲಿದ್ದೆ. "ಎರಡು ಹೆತ್ತಾಕಿ ನಾನೋ ನೀನೋ?" ಎಂದು ಕೇಳಿದೆ. ಅವಳು ಒಳಗೆ ಹೋದಳು.

ಮುಂದಿನ ಮಂಗಳವಾರ ದವಾಖಾನೆಗೆ ಹೋಗುವ ಸರದಿ ಇತ್ತು. ಸರ್ಕಾರಿ ದವಾಖಾನೆ, ಬಸುರಿಯರ ಸಾಲು ಗೇಟಿನವರೆಗೆ. ನಾನು, ಸುವರ್ಣಾ, ಪರಮೇಶ ಮೂವರೂ ಹೋಗಿದ್ದೆವು. ಸ್ಕ್ಯಾನಿಂಗ್ ಮುಗಿದ ಮೇಲೆ ನರ್ಸು ಕಾಗದ ನೋಡಿ ತೆಲುಗಿನಲ್ಲಿ, "ಉಮ್ಮನೀರು ತಕ್ಕುವ ಉಂದಿ" ಎಂದು ಡಾಕ್ಟರಿಗೆ ಕೊಟ್ಟಳು.

"ಏನಂದ್ರು ಅಕ್ಕಾ?" ಸುವರ್ಣಾ ನನ್ನ ಕಿವಿಯ ಹತ್ತಿರ ಬಂದಳು.

ಡಾಕ್ಟರ್ ತಲೆಯೆತ್ತಿದರು. ಐವತ್ತರ ಹತ್ತಿರದ ಹೆಂಗಸು, ಎದೆಯ ಮೇಲಿನ ಪಟ್ಟಿಯಲ್ಲಿ ನಲಿನಿ ಎಂದಿತ್ತು. "ಕೂಸಿನ ಸುತ್ತಲಿನ ನೀರು ಕಡಿಮಿ ಅದ ಅಂದ್ರು" ಎಂದು ಕನ್ನಡದಲ್ಲಿ ಹೇಳಿದರು. ನಾವು ಬಾಯಿ ತೆರೆದು ನೋಡಿದೆವು. "ಯಾಕ, ನಾ ಕನ್ನಡ ಮಾತಾಡಬಾರದೇನು? ನಮ್ಮ ಅಪ್ಪಾರು ಗುಲಬರ್ಗಾದವರು. ರೈಲ್ವೇದಾಗಿದ್ದರು. ನಾ ಹುಟ್ಟಿ ಬೆಳೆದದ್ದು ಮಲ್ಕಾಜ್‌ಗಿರಿ."

ನಮ್ಮ ಭಾಷೆ ಸಿಕ್ಕ ಮೇಲೆ ನನ್ನ ಬಾಯಿಗೆ ತಡೆಯೆಲ್ಲಿ? "ನೀರು ಕಡಿಮಿ ಆದ್ರ ಏನಾಗತೈತ್ರಿ ಮೇಡಂ?" ಎಂದೆ.

ಅವರು ಸುವರ್ಣಾಳನ್ನು ನೋಡಿಯೇ ಉತ್ತರ ಕೊಟ್ಟರು. "ಕೂಸು ಹೊಟ್ಟಿಯೊಳಗ ನೀರಿನ ಚೀಲದಾಗ ತೇಲ್ತಿರ್ತದವಾ. ನಿನಗ ಪೆಟ್ಟು ಬಿದ್ದರ ಅದಕ್ಕ ತಟ್ಟಬಾರದು, ಕೈಕಾಲು ಆಡಿಸಲಿಕ್ಕೆ ಜಾಗಾ ಇರಬೇಕು, ಹೊಕ್ಕಳ ಬಳ್ಳಿ ಒತ್ತಬಾರದು, ಅದಕ್ಕ ಆ ನೀರು. ಮತ್ತ ಅದನ್ನ ಒಳಗ ಎಳಕೊಂಡು, ಹೊರಗ ಬಿಟ್ಟು, ಉಸಿರಾಡೂದು ಕಲೀತದ. ನೀರು ಭಾಳ ಕಡಿಮಿ ಆತಂದ್ರ ಎದಿಯೊಳಗಿನ ಪುಪ್ಪಸ ಸರಿಯಾಗಿ ಬೆಳೆಯೂದಿಲ್ಲ."

"ಅಷ್ಟು ನೀರು ಎಲ್ಲಿಂದ ಬರತೈತ್ರಿ?"

"ಈಗಿನ ತಿಂಗಳದಾಗ ಹೆಚ್ಚಿಂದು ಕೂಸಿಂದೇ ಉಚ್ಚಿ. ಕುಡೀತದ, ಹೊಯ್ತದ, ಮತ್ತ ಅದನ್ನ ಕುಡೀತದ."

ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಪರದೆಯ ಆಚೆ ನಿಂತಿದ್ದ ಪರಮೇಶನೂ ನಕ್ಕದ್ದು ಕೇಳಿಸಿತು. ಡಾಕ್ಟರ್ ಮಾತ್ರ ಕಾಗದವನ್ನೇ ನೋಡುತ್ತಿದ್ದರು.

"ಕೆಳಗ ನೀರೇನಾದರೂ ಹೋಗ್ತದೇನು? ಸೀರಿ, ಲಂಗಾ ತೊಯ್ತಾವೇನು?"

ಸುವರ್ಣಾ ನನ್ನ ಮುಖ ನೋಡಿದಳು.

ಇಲ್ಲಿ ನಾನು ಮಾಡಿದ್ದನ್ನು ಬೇರೆ ಬಣ್ಣ ಹಚ್ಚದೆ ಹೇಳುತ್ತೇನೆ. ಪರದೆಯ ಆಚೆ ಗಂಡಸು ಇದ್ದಾನೆ, ಈಚೆ ಸಾಲಿನಲ್ಲಿ ಹತ್ತು ಹೆಂಗಸರಿದ್ದಾರೆ. ನಮ್ಮ ಮನೆಯ ಸೊಸೆ ಸೀರೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾಳೆ ಎಂಬ ಮಾತು ಅಲ್ಲಿ ಹೊರಬೀಳುವುದು ನನಗೆ ಬೇಡವಾಗಿತ್ತು. ಹಗಲೆಲ್ಲ ಯಾಕೆ ತಡೆದುಕೊಳ್ಳುತ್ತಾಳೆ, ಯಾರು ಕಲಿಸಿದರು ಎಂದು ಅವರು ಕೇಳಿದರೆ ಎಂಬ ಅಳುಕೂ ಇತ್ತು.

"ತೊಯ್ತಾವ್ರಿ ಮೇಡಂ" ಎಂದೆ. "ದಿನಾ ಪೈಪು ಹಿಡದು ಗ್ವಾಡಿಗೆ ನೀರು ಹೊಡಿಯೋ ಕೆಲಸ್ರಿ. ತೊಯ್ಯಲಾರದ ಸೀರಿ ಯಾವುದೈತ್ರಿ ನಮ್ಮಲ್ಲಿ?"

"ನಾ ಅದನ್ನ ಕೇಳಲಿಲ್ಲ. ಅಕಿ ಹೇಳಲಿ."

"ಇಲ್ರಿ" ಎಂದಳು ಸುವರ್ಣಾ.

ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಒಳಗೆ ಒಮ್ಮೆ ಪರೀಕ್ಷೆ ಮಾಡಿ ನೋಡುತ್ತೇನೆ ಎಂದರು. ಹುಡುಗಿ ಹೆದರುತ್ತಾಳೆ, ಮುಂದಿನ ಸಲ ನೋಡಿರಿ ಎಂದು ನಾನೇ ಅಡ್ಡ ಬಂದೆ. ಅವರು ಸುವರ್ಣಾಳನ್ನು ಮತ್ತೊಮ್ಮೆ ಕೇಳಿದರು, ಅವಳು ತಲೆ ಅಲ್ಲಾಡಿಸಿದಳು. ಪರೀಕ್ಷೆಗೆ ಒಪ್ಪಲಿಲ್ಲ ಎಂದು ಕಾರ್ಡಿನಲ್ಲಿ ಬರೆದು, ಐದು ದಿನ ಬಿಟ್ಟು ಬರಬೇಕು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು, ಎಡಮಗ್ಗುಲಲ್ಲಿ ಮಲಗಬೇಕು, ಬಟ್ಟೆ ತೊಯ್ದರೆ, ಜ್ವರ ಬಂದರೆ, ಕೂಸು ಆಡುವುದು ಕಡಿಮೆಯಾದರೆ ಹೊತ್ತು ನೋಡದೆ ಬರಬೇಕು ಎಂದು ಒಂದೊಂದನ್ನೂ ಎರಡೆರಡು ಸಲ ಹೇಳಿದರು.

ನೀರು ಕುಡಿಸಬೇಕೆಂಬುದು ತಲೆಗೆ ಹೊಕ್ಕಿದ್ದೇ ತಡ, ನಾನು ಸುಮ್ಮನಿರುವವಳಲ್ಲ. ಮರುದಿನವೇ ಸೂಪರ್‌ವೈಸರನ ಮುಂದೆ ನಿಂತೆ. ಸೈಟ್ ಆಫೀಸಿನ ಪಾಯಿಖಾನೆಯ ಬೀಗದ ಕೈ ಕೊಡದಿದ್ದರೆ ಹೆಂಗಸರೆಲ್ಲ ಬುಟ್ಟಿ ಕೆಳಗಿಡುತ್ತೇವೆ ಎಂದೆ. ಅವನು ಮೊದಲು ನಕ್ಕ, ಆಮೇಲೆ ಬೈದ, ಮಧ್ಯಾಹ್ನದ ಹೊತ್ತಿಗೆ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹತ್ತು ವರ್ಷದಿಂದ ಆಗದ್ದು ಒಂದು ಬೆಳಗಿನಲ್ಲಿ ಆಯಿತು. ಮೊದಲೇ ಯಾಕೆ ಕೇಳಲಿಲ್ಲ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ಹೊಗಳಿದರು, ನಾನು ಉಬ್ಬಿದೆ.

ಸುವರ್ಣಾಳ ಪಕ್ಕ ಎರಡು ಬಾಟಲಿ ಇಟ್ಟು ಕುಡಿಸಿದೆ. ಪೈಪಿನ ಕೆಲಸ ಅರ್ಧ ದಿನಕ್ಕೆ ಇಳಿಸಿದೆ. ಅವಳು ಕುಡಿದಳು, ಕುಡಿದಷ್ಟೂ ಬಟ್ಟೆಗಳು ತೊಯ್ದವು. ಶೆಡ್ಡಿನ ಹಿಂದೆ ಹಗ್ಗದ ಮೇಲೆ ಮಡಿಕೆ ಬಟ್ಟೆಗಳ ಸಾಲು ಉದ್ದವಾಯಿತು. "ಕುಡದದ್ದನ್ನೆಲ್ಲಾ ಸೋರಿಸಿಬಿಟ್ರ ಕೂಸಿಗೆ ಏನು ಉಳೀತೈತಿ? ಸ್ವಲ್ಪರ ತಡಕೋ" ಎಂದು ಬೈದೆ. ಆ ಮಾತು ಈಗಲೂ ಒಮ್ಮೊಮ್ಮೆ ನನ್ನದೇ ದನಿಯಲ್ಲಿ ನನಗೆ ಕೇಳಿಸುತ್ತದೆ.

ಭಾನುವಾರ ಕೆಲಸಕ್ಕೆ ರಜೆ. ಬೆಳಿಗ್ಗೆ ಬಿಸಿಲಿಗೆ ಹೊರಸು ಹಾಕಿಕೊಂಡು ಸುವರ್ಣಾ ಕೂತಿದ್ದಳು. ಪಾಯಿಖಾನೆಗೆ ಹೋಗಿ ಬಂದು ಐದು ನಿಮಿಷವೂ ಆಗಿರಲಿಲ್ಲ, ಬೀಗ ತೆಗೆದುಕೊಟ್ಟು ಹೊರಗೆ ಕಾದವಳು ನಾನೇ. ಪೈಪಿನ ಹತ್ತಿರ ಅಂದು ಯಾರೂ ಹೋಗಿರಲಿಲ್ಲ. "ತಲಿ ಬಾಚ್ತೀನಿ ಬಾ" ಎಂದು ಕರೆದೆ. ಅವಳು ಎದ್ದು ನಿಂತ ಕೂಡಲೇ ಕಾಲುಗಳ ನಡುವಿನಿಂದ ನೀರು ಹರಿದು ಪಾದದ ಸುತ್ತ ನಿಂತಿತು.

ನಾನು ಆ ನೀರನ್ನು ನೋಡುತ್ತ ನಿಂತೆ. ಈಗಷ್ಟೇ ಉಚ್ಚೆ ಹೊಯ್ದು ಬಂದವಳಿಗೆ ಇಷ್ಟು ಎಲ್ಲಿಂದ ಬಂತು? ಅವಳು ಕೂತಿದ್ದ ಬಟ್ಟೆಯನ್ನು ಎತ್ತಿ ಮೂಗಿಗೆ ಹಿಡಿದೆ. ಹತ್ತು ವರ್ಷ ತಡೆದುಕೊಂಡು ಬದುಕಿದವಳಿಗೆ ಉಚ್ಚೆಯ ವಾಸನೆ ಯಾರಾದರೂ ಹೇಳಿಕೊಡಬೇಕೇ? ಅದು ಉಚ್ಚೆಯಾಗಿರಲಿಲ್ಲ. ತುಸು ಹಸಿರು ಬಣ್ಣ, ಕೆಟ್ಟ ಹಾಲಿನಂಥ ನಾತ. ಅವಳ ಹಣೆ ಮುಟ್ಟಿದರೆ ರೊಟ್ಟಿಯ ಹಂಚಿನಷ್ಟು ಬಿಸಿ.

"ಜ್ವರ ಯಾವಾಗಿಂದ?"

"ರಾತ್ರಿಯಿಂದ, ಅಕ್ಕಾ."

"ಹೇಳಾಕ ಏನಾಗಿತ್ತು ನಿನಗ!" ಎಂದು ಕೂಗಿದೆ. ಕೂಗುತ್ತಲೇ ಪರಮೇಶನನ್ನು ಆಟೋ ತರಲು ಓಡಿಸಿದೆ.

ಆಟೋದಲ್ಲಿ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕೂಸು ನಿನ್ನೆ ಸಂಜೆಯಿಂದ ಹೆಚ್ಚು ಆಡಿಲ್ಲ ಎಂದು ಆಗ ಹೇಳಿದಳು. ಮೆಟ್ರೋ ಕಂಬಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ಯಾವ ದೇವರಿಗೂ ಹರಕೆ ಹೊರಲಿಲ್ಲ, ನನಗೆ ಡಾಕ್ಟರ್ ನಲಿನಿಯವರ ಮುಖವೊಂದೇ ಕಾಣುತ್ತಿತ್ತು. ಸೀರೆ ತೊಯ್ಯುತ್ತದೆಯೇ ಎಂದು ಅವರು ಎಷ್ಟು ಸರಳವಾಗಿ ಕೇಳಿದ್ದರು.

ಅವರೇ ಅಂದು ಹೆರಿಗೆ ವಾರ್ಡಿನ ಪಾಳಿಯಲ್ಲಿದ್ದರು. ಪರೀಕ್ಷೆ ಮಾಡಿದರು, ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಕೇಳಿದರು. ಬಡಿತ ಇತ್ತು, ಆದರೆ ಬಹಳ ಜೋರಾಗಿತ್ತು. ಕೈಗವಸು ತೆಗೆಯುತ್ತ ಸುವರ್ಣಾಳ ತಲೆಯ ಹತ್ತಿರ ಬಂದರು. ಪರಮೇಶ ಬಾಗಿಲಲ್ಲಿ ನಿಂತಿದ್ದ.

"ನೀರಿನ ಚೀಲ ಹರದದ. ಖರೆ ಹೇಳವಾ, ಎಷ್ಟು ದಿನ ಆತು ನೀರು ಹೋಗಲಿಕ್ಕೆ? ಎಷ್ಟು ದಿನ ಅನ್ನೂದರ ಮ್ಯಾಲೆ ನಾ ಮುಂದಿಂದು ನಿರ್ಧಾರ ಮಾಡಬೇಕು."

ಸುವರ್ಣಾ ನನ್ನ ಕಡೆ ನೋಡಿದಳು. ಜ್ವರದಲ್ಲಿ ಕಣ್ಣು ಕೆಂಪಾಗಿದ್ದವು.

"ಇವತ್ತ ಮುಂಜಾನಿಂದ್ರಿ" ಎಂದಳು.

ಅವಳು ನನ್ನನ್ನು ಕಾಪಾಡುತ್ತಿದ್ದಳು. ಒಂದು ಉಸಿರಿನಷ್ಟು ಹೊತ್ತು ನನಗೆ ಅದು ಹಿತವಾಯಿತು, ಅದನ್ನೂ ಹೇಳಬೇಕು. ಇವತ್ತು ಬೆಳಗಿನಿಂದ ಎಂದರೆ ಯಾರದೂ ತಪ್ಪಿಲ್ಲ. ಪರಮೇಶನಿಗೂ ಗೊತ್ತಾಗುವುದಿಲ್ಲ. ಆಮೇಲೆ ಆ ಬಟ್ಟೆಯ ನಾತ ಮತ್ತೆ ಮೂಗಿಗೆ ಬಂದಂತಾಯಿತು.

"ಸುಳ್ಳು ಹೇಳಾಕತ್ತಾಳ್ರಿ" ಎಂದೆ. "ಹತ್ತು ದಿನ ಆತು. ಹಿಂದಿನ ವಾರದ ಗುರುವಾರದಿಂದ ಹೋಗಾಕತ್ತೈತಿ. ಉಚ್ಚಿ ಅಂತ ನಾನ ಅಂದ್ನಿ. ಅವತ್ತು ನೀವು ಕೇಳಿದಾಗ ಪೈಪಿನ ನೀರು ಅಂತ ಹೇಳಿದಾಕೀನೂ ನಾನ. ಅಕೀದೇನೂ ತಪ್ಪಿಲ್ರಿ."

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ನರ್ಸಿಗೆ ತೆಲುಗಿನಲ್ಲಿ ಬೇಗ ಬೇಗ ಔಷಧಿಗಳ ಹೆಸರು ಹೇಳಿದರು. ನಂಜು ಏರಿದೆ, ಇನ್ನು ಕೂಸನ್ನು ಒಳಗೆ ಬಿಡುವ ಹಾಗಿಲ್ಲ, ಎಂಟು ತುಂಬದ ಕೂಸು, ಉಸಿರಾಟ ಹೇಗಿರುತ್ತದೋ ಹೊರಗೆ ಬಂದ ಮೇಲೇ ಗೊತ್ತು ಎಂದು ನಮಗೆ ಕನ್ನಡದಲ್ಲಿ ಹೇಳಿದರು. ಬಾಗಿಲಲ್ಲಿದ್ದ ಪರಮೇಶ ಎಲ್ಲ ಕೇಳಿಸಿಕೊಂಡ.

"ಹತ್ತು ದಿನಾ, ಅತ್ತಿಗಿ?" ಎಂದ. ಅಷ್ಟೇ ಕೇಳಿದ್ದು. ಅವನಿಗೆ ಹನ್ನೊಂದು ವರ್ಷವಿದ್ದಾಗ ನಾನು ಆ ಮನೆಗೆ ಸೊಸೆಯಾಗಿ ಬಂದವಳು, ಅವನ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು. ಆ ಒಂದು ಪ್ರಶ್ನೆಯ ನಂತರ ಅವನು ನನ್ನ ಜೊತೆ ಮಾತಾಡಿಲ್ಲ.

ಸಂಜೆ ನಾಲ್ಕಕ್ಕೆ ಹೆಣ್ಣು ಕೂಸು ಹುಟ್ಟಿತು. ಒಂದು ಕಿಲೋ ನಾನೂರು ಗ್ರಾಂ. ಅದು ಅತ್ತದ್ದು ನಮಗೆ ಕೇಳಿಸಲಿಲ್ಲ. ಬಟ್ಟೆಯಲ್ಲಿ ಸುತ್ತಿ ಓಡುತ್ತ ಕೂಸುಗಳ ವಾರ್ಡಿಗೆ ಒಯ್ದರು. ಅಲ್ಲಿ ಗಾಜಿನ ಆಚೆ, ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದನ್ನು ಮರುದಿನ ನೋಡಿದೆ. ಒಂದೊಂದು ಉಸಿರಿಗೂ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಪುಪ್ಪಸಕ್ಕೆ ಔಷಧಿ ಕೊಟ್ಟಿದ್ದೇವೆ, ಏಳು ದಿನ ಕಳೆಯುವವರೆಗೆ ಏನೂ ಹೇಳಲಾಗದು ಎಂದರು. ನಾನು ಕೈ ಕೆಳಗೆ ಬಿಟ್ಟು ನಿಂತೆ. ಜಗಳವಾಡಲು ಅಲ್ಲಿ ಯಾರೂ ಇರಲಿಲ್ಲ.

ನಾಲ್ಕನೆಯ ದಿನ ಸುವರ್ಣಾಳ ಜ್ವರ ಇಳಿಯಿತು. ಪಕ್ಕದ ಶೆಡ್ಡಿನವರಿಂದ ಜೋಳದ ಹಿಟ್ಟು ತಂದು, ಗಂಜಿ ಕಾಯಿಸಿ, ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಅವಳು ಮಂಚದ ಮೇಲೆ ಕೂತು ಒಂದು ಪುಟ್ಟ ಬಟ್ಟಲಿಗೆ ಎದೆಹಾಲು ಹಿಂಡುತ್ತಿದ್ದಳು. ನಳಿಕೆಯಲ್ಲಿ ಕೂಸಿಗೆ ಕೊಡಲು ಎರಡು ತಾಸಿಗೊಮ್ಮೆ ನರ್ಸು ಬಂದು ಒಯ್ಯುತ್ತಿದ್ದಳು. ಬಟ್ಟಲಿನ ತಳವೂ ಮುಚ್ಚುವಷ್ಟು ಹಾಲಿರಲಿಲ್ಲ. ನಾನು ಅವಳ ಬೆನ್ನು ನೀವುತ್ತ ಕೂತೆ.

"ಅಕ್ಕಾ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಹೇಳು."

"ನನಗ ಗೊತ್ತಿತ್ರಿ. ಎರಡನೇ ದಿನಾನ ಗೊತ್ತಾತು. ಒಂದಕ್ಕ ಹೋಗಿ ಬಂದಮ್ಯಾಲೂ ಬರತಿತ್ತು. ವಾಸನಿ ಇರಲಿಲ್ಲ. ನನ್ನ ಅವ್ವಗ ಕಡೇ ಕೂಸಿನ್ಯಾಗ ಹಿಂಗ ಆಗಿತ್ತು, ಸಣ್ಣಾಕಿದ್ದಾಗ ನೋಡಿದ್ನಿ. ಆ ಕೂಸು ಉಳೀಲಿಲ್ಲ."

ನನ್ನ ಕೈ ಅವಳ ಬೆನ್ನಿನ ಮೇಲೇ ನಿಂತಿತು. "ಮತ್ತ ಡಾಕ್ಟ್ರು ಕೇಳಿದಾಗ ಯಾಕ ಹೇಳಲಿಲ್ಲ? ನಿನ್ನನ್ನ ಕೇಳಿದ್ರಲ್ಲ!" ನನ್ನ ದನಿ ಏರಿತ್ತು, ಪಕ್ಕದ ಮಂಚದವಳು ತಿರುಗಿ ನೋಡಿದಳು.

ಸುವರ್ಣಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಿಂಗ ಒದರ್ತೀರಲ್ರಿ, ಅದಕ್ಕ. ನೀವು ಹಂಗಲ್ಲ ಅಂದಮ್ಯಾಲ ನಾ ಹೌದು ಅನ್ನೋದು ಹೆಂಗ್ರಿ? ಕೂಸಿಗೆ ಏನರ ಆದೀತು ಅಂತ ಅಂಜಿಕಿ ಇತ್ತು ಅಕ್ಕಾ. ಆದ್ರ ಅದಕ್ಕಿಂತ ನಿಮಗ ಹೆಚ್ಚು ಅಂಜಿದ್ನಿ."

ಅದನ್ನು ಅವಳು ಆಪಾದನೆಯಂತೆ ಹೇಳಲಿಲ್ಲ. ಅಳಲೂ ಇಲ್ಲ. ತನ್ನ ತಪ್ಪನ್ನು ಒಪ್ಪಿಕೊಳ್ಳುವವಳಂತೆ, ತಲೆ ಬಗ್ಗಿಸಿ ಹೇಳಿದಳು. ಹತ್ತು ದಿನ ಆ ಹುಡುಗಿ ಗೊತ್ತಿದ್ದೂ ಬಟ್ಟೆ ಮಡಿಚಿಟ್ಟುಕೊಂಡು, ನಾನು ಕೊಟ್ಟ ನೀರನ್ನೆಲ್ಲ ಕುಡಿದು, ನನ್ನ ಬೈಗುಳ ಕೇಳಿಕೊಂಡು ಇದ್ದಳು. ನಾನು ಅವಳನ್ನು ಹೇಳಿದಂತೆ ಕೇಳುವವಳು ಎಂದು ಪ್ರೀತಿಸಿದ್ದೆ.

ನರ್ಸು ಬಂದು ಬಟ್ಟಲು ತೆಗೆದುಕೊಂಡು ಹೋದಳು. ಕೂಸು ಹೇಗಿದೆ ಎಂದು ಕೇಳಿದರೆ ಹಾಗೇ ಇದೆ ಎಂದಳು.

ತಪ್ಪಾಯಿತು ಎಂದು ಹೇಳಬೇಕೆಂದೇ ನಾನು ಬಾಯಿ ತೆರೆದದ್ದು.

"ಗಂಜಿ ಆರಾಕತ್ತೈತಿ. ಮೊದಲು ಕುಡಿ" ಎಂದೆ.

ಅವಳು ಮರುಮಾತಿಲ್ಲದೆ ಡಬ್ಬಿ ತೆಗೆದುಕೊಂಡು ಕುಡಿದಳು.